ಒಂದೇ ಟರ್ಬೊನೋ ಜೋಡಿ ಟರ್ಬೊನೋ: ಚಿಕ್ಕಬಳ್ಳಾಪುರದ ಎತ್ತರಕ್ಕೆ ಹೊಂದುವ ಲೆಕ್ಕ

ಟರ್ಬೊ ಎಂದರೆ ಇಂಜಿನ್‌ನ ಹೊಗೆಯ ಬಲದಿಂದ ಚಕ್ರ ತಿರುಗಿಸಿ ಸಿಲಿಂಡರ್‌ಗೆ ಹೆಚ್ಚು ಗಾಳಿ ಒತ್ತುವ ಸಾಧನ. ಅದು ಒಂದು ಬೇಕೋ ಎರಡೋ ಎಂಬುದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡೋಣ. ಇಂಜಿನ್‌ನಲ್ಲಿ ಮೂರೋ ನಾಲ್ಕೋ ಸಿಲಿಂಡರ್ ಒಂದೇ ಸಾಲಿನಲ್ಲಿದ್ದರೆ ಒಂದು ಟರ್ಬೊ ಸಾಕು. ಸಿಲಿಂಡರ್‌ಗಳು ಎರಡು ಓರೆ ಸಾಲಿನಲ್ಲಿರುವ ವಿ6, ವಿ8 ಇಂಜಿನ್ ಆದರೆ ಎರಡು. ಸಾಲಾಗಿ ಆರು ಸಿಲಿಂಡರ್ ಇದ್ದರೆ ಎರಡು ದಾರಿಯೂ ತೆರೆದಿರುತ್ತದೆ, ಅಲ್ಲಿ ಮಾತ್ರ ನಿಜವಾಗಿ ಕೂತು ಯೋಚಿಸಬೇಕು. ನಮ್ಮ ಜಿಲ್ಲೆಯಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು ಮೊದಲ ಗುಂಪಿಗೆ ಸೇರಿದವು, ಹಾಗಾಗಿ ಹೆಚ್ಚಿನವರಿಗೆ ಸಂಖ್ಯೆಯ ಪ್ರಶ್ನೆ ಇಲ್ಲಿಗೇ ಮುಗಿಯಿತು. ಮುಗಿಯದೆ ಉಳಿಯುವುದು ಗಾತ್ರದ ಪ್ರಶ್ನೆ. ಸಮುದ್ರಮಟ್ಟದ ಊರಿಗೆ ಮಾಡಿದ ಲೆಕ್ಕವನ್ನು ಸುಮಾರು 900 ಮೀಟರ್ ಎತ್ತರದ ಚಿಕ್ಕಬಳ್ಳಾಪುರಕ್ಕೆ ಹಾಗೇ ತಂದರೆ ತಪ್ಪು ಟರ್ಬೊ ಮನೆಗೆ ಬರುತ್ತದೆ, ಆಮೇಲೆ ಅದನ್ನು ಯಾವ ಟ್ಯೂನಿಂಗೂ ಸರಿಮಾಡಲಾರದು.

ಜೋಡಿಯಲ್ಲೂ ಮೂರು ಬಗೆ

"ಟ್ವಿನ್ ಟರ್ಬೊ" ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಪ್ಯಾರಲಲ್ ಜೋಡಿಯಲ್ಲಿ ಒಂದೇ ಗಾತ್ರದ ಎರಡು ಟರ್ಬೊ ಇರುತ್ತವೆ, ಅರ್ಧ ಸಿಲಿಂಡರ್‌ಗಳ ಹೊಗೆ ಒಂದಕ್ಕೆ, ಇನ್ನರ್ಧ ಇನ್ನೊಂದಕ್ಕೆ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಇಂಜಿನ್ ಹೀಗಿತ್ತು, ಮೂರು ಸಿಲಿಂಡರ್‌ಗೆ ಒಂದು ಟರ್ಬೊ. ಸೀಕ್ವೆನ್ಷಿಯಲ್ ಜೋಡಿಯಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಒಂದೇ ಟರ್ಬೊಗೆ ಎಲ್ಲ ಹೊಗೆ ಹೋಗುತ್ತದೆ, ವೇಗ ಏರಿದ ಮೇಲೆ ಕವಾಟ ತೆರೆದು ಎರಡನೆಯದೂ ಸೇರಿಕೊಳ್ಳುತ್ತದೆ. 1993ರ ಟೊಯೊಟಾ ಸುಪ್ರಾದ 2ಜೆಝಡ್, ಮಜ್ದಾ ಆರ್‌ಎಕ್ಸ್-7ರ 13ಬಿ ಈ ಬಗೆ. ಮೂರನೆಯದು ಕಾಂಪೌಂಡ್: ದೊಡ್ಡ ಟರ್ಬೊ ಒತ್ತಿದ ಗಾಳಿಯನ್ನು ಚಿಕ್ಕದು ಮತ್ತೊಮ್ಮೆ ಒತ್ತುತ್ತದೆ. ಇಲ್ಲಿ ಒತ್ತಡದ ಅನುಪಾತ ಕೂಡುವುದಿಲ್ಲ, ಗುಣಿಸುತ್ತದೆ. ಎರಡು ಪಟ್ಟು, ಅದರ ಎರಡು ಪಟ್ಟು, ಒಟ್ಟು ನಾಲ್ಕು. ಇದು ಡೀಸೆಲ್‌ನ ಕೆಲಸ. ಪೆಟ್ರೋಲ್ ಇಂಜಿನ್‌ಗೆ ಅಷ್ಟು ಒತ್ತಡ ಕೊಟ್ಟರೆ ನಾಕಿಂಗ್‌ನಲ್ಲೇ, ಅಂದರೆ ಇಂಧನ ತಾನಾಗಿ ಸಿಡಿಯುವುದರಲ್ಲೇ, ಪಿಸ್ಟನ್ ಒಡೆಯುತ್ತದೆ.

ಸೀಕ್ವೆನ್ಷಿಯಲ್ ಜೋಡಿಯನ್ನು ಹೊಸದಾಗಿ ಕಟ್ಟಿಸುವ ಯೋಚನೆಯನ್ನೇ ಬಿಟ್ಟುಬಿಡಿ. ಕವಾಟಗಳನ್ನು ಆಡಿಸಲು ಹತ್ತಾರು ವ್ಯಾಕ್ಯೂಮ್ ಪೈಪ್‌ಗಳು ಬೇಕು. ಬೋನೆಟ್ ಒಳಗಿನ ಕಾವಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಯಾವ ಪೈಪ್ ಸೋರುತ್ತಿದೆ ಎಂದು ಹುಡುಕುವುದರಲ್ಲೇ ದಿನಗಳು ಹೋಗುತ್ತವೆ.

ಎರಡು ಚಕ್ರ ಬೇಗ ತಿರುಗುತ್ತವೆಯೇ?

ಜೋಡಿಯ ಪರವಾಗಿ ಎಲ್ಲರೂ ಹೇಳುವ ಮಾತು: ಚಿಕ್ಕ ಚಕ್ರ ಹಗುರ, ಬೇಗ ತಿರುಗುತ್ತದೆ, ಲ್ಯಾಗ್ (ಕಾಲು ಒತ್ತಿದ ಮೇಲೆ ಶಕ್ತಿ ಬರಲು ಆಗುವ ತಡ) ಕಡಿಮೆ. ಮಾತು ಸುಳ್ಳಲ್ಲ, ಆದರೆ ಲಾಭ ಎಷ್ಟು ಎಂದು ಅಳೆದು ನೋಡಬೇಕು. ಚಕ್ರದ ಜಡತೆ ವ್ಯಾಸದ ಐದನೇ ಘಾತದಂತೆ ಏರುತ್ತದೆ. ಅರ್ಧ ಗಾಳಿ ಸಾಗಿಸುವ ಚಕ್ರದ ವ್ಯಾಸ ದೊಡ್ಡದರ 0.71 ಪಾಲು, ಜಡತೆ 0.18 ಪಾಲು. ಇದನ್ನು ಮಾತ್ರ ನೋಡಿದರೆ ಭಾರೀ ಲಾಭ. ಆದರೆ ಚಿಕ್ಕ ಚಕ್ರ ಅಷ್ಟೇ ಒತ್ತಡ ಕೊಡಲು 1.4 ಪಟ್ಟು ವೇಗದಲ್ಲಿ ತಿರುಗಬೇಕು. ಒಂದೊಂದಕ್ಕೂ ತುಂಬಬೇಕಾದ ಶಕ್ತಿ 0.35 ಪಾಲು, ಎರಡಕ್ಕೂ ಸೇರಿ 0.71. ಅಂದರೆ ಉಳಿತಾಯ ಶೇಕಡಾ 30ರ ಆಸುಪಾಸು. ಚಿಕ್ಕ ಟರ್ಬೈನ್‌ನ (ಹೊಗೆ ತಿರುಗಿಸುವ ಚಕ್ರದ) ದಕ್ಷತೆ ಕಡಿಮೆ, ಎರಡು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಟರ್ಬೊಗೆ ತರುವ ಪೈಪ್‌ಗಳು) ಬಿಸಿಯಾಗಲು ಹೆಚ್ಚು ಶಾಖ ಬೇಕು, ಎರಡು ಜೊತೆ ಬೇರಿಂಗ್‌ನ ಘರ್ಷಣೆ ಬೇರೆ. ಉಳಿತಾಯದ ದೊಡ್ಡ ಪಾಲನ್ನು ಇವೇ ತಿಂದುಹಾಕುತ್ತವೆ.

ನಾಲ್ಕು ಸಿಲಿಂಡರ್‌ನಲ್ಲಿ ಇನ್ನೊಂದು ತೊಡಕಿದೆ. ಒಂದೇ ಟರ್ಬೊ ಇದ್ದರೆ ಕ್ರ್ಯಾಂಕ್‌ನ ಪ್ರತಿ 180 ಡಿಗ್ರಿಗೆ ಒಂದು ಹೊಗೆಯ ಹೊಡೆತ ಚಕ್ರಕ್ಕೆ ಬೀಳುತ್ತದೆ. ಎರಡಾಗಿ ಹಂಚಿದರೆ ಒಂದೊಂದಕ್ಕೆ 360 ಡಿಗ್ರಿಗೆ ಒಂದೇ ಹೊಡೆತ, ನಡುವೆ ಚಕ್ರ ಸೊರಗುತ್ತದೆ. ಆರು ಸಿಲಿಂಡರ್ ಹಂಚಿದಾಗ 240 ಡಿಗ್ರಿಗೆ ಒಂದು ಬೀಳುವುದರಿಂದ ಅಲ್ಲಿ ಪರವಾಗಿಲ್ಲ.

ಹೊಡೆತಗಳು ಒಂದಕ್ಕೊಂದು ಅಡ್ಡ ಬರದಂತೆ ಮಾಡುವುದೇ ಉದ್ದೇಶವಾದರೆ ಟ್ವಿನ್-ಸ್ಕ್ರೋಲ್ ಟರ್ಬೊ ಇದೆ. ಚಕ್ರ ಒಂದೇ, ಹೊಗೆ ಬರುವ ದಾರಿ ಎರಡು. 1-3-4-2 ಫೈರಿಂಗ್ ಆರ್ಡರ್‌ನ ಇಂಜಿನ್‌ನಲ್ಲಿ 1 ಮತ್ತು 4 ಒಂದು ದಾರಿಗೆ, 2 ಮತ್ತು 3 ಇನ್ನೊಂದಕ್ಕೆ. ಮ್ಯಾನಿಫೋಲ್ಡ್ ಮಾಡುವವರು ಇದನ್ನು ತಪ್ಪಿಸಿ 1-2, 3-4 ಎಂದು ಜೋಡಿಸಿದರೆ ಕೊಟ್ಟ ದುಡ್ಡೆಲ್ಲ ನೀರಿಗೆ ಹಾಕಿದಂತೆ. ವೆಲ್ಡಿಂಗ್ ಶುರುವಾಗುವ ಮೊದಲು ಪೈಪ್‌ಗಳ ಮೇಲೆ ಸೀಮೆಸುಣ್ಣದಲ್ಲಿ ಸಿಲಿಂಡರ್ ಸಂಖ್ಯೆ ಬರೆಸಿ. ವೇಸ್ಟ್‌ಗೇಟ್‌ಗೆ (ಹೆಚ್ಚಾದ ಹೊಗೆಯನ್ನು ಟರ್ಬೈನ್ ಮುಟ್ಟದೆ ಹೊರಬಿಡುವ ಕವಾಟ) ಹೋಗುವ ದಾರಿಯಲ್ಲೂ ಎರಡು ಸಾಲುಗಳು ಬೆರೆಯಬಾರದು.

ದೊಡ್ಡ ಕಂಪನಿಗಳೇ ಈ ದಾರಿ ಹಿಡಿದಿವೆ. ಬಿಎಂಡಬ್ಲ್ಯುವಿನ ಮೂರು ಲೀಟರ್ ಎನ್54 ಇಂಜಿನ್‌ಗೆ 2006ರಲ್ಲಿ ಎರಡು ಚಿಕ್ಕ ಟರ್ಬೊ ಇದ್ದವು. 2009ರಲ್ಲಿ ಬಂದ ಎನ್55ಕ್ಕೆ ಒಂದೇ ಟ್ವಿನ್-ಸ್ಕ್ರೋಲ್ ಟರ್ಬೊ. ಶಕ್ತಿ ಎರಡಕ್ಕೂ 306 ಅಶ್ವಶಕ್ತಿ, ಟಾರ್ಕ್ ಎರಡಕ್ಕೂ 400 ಎನ್‌ಎಂ. ಟೊಯೊಟಾದ 1ಜೆಝಡ್ ಕೂಡ 1996ರಲ್ಲಿ ಜೋಡಿ ಬಿಟ್ಟು ಒಂಟಿಗೆ ಬಂತು, ಟಾರ್ಕ್ ಮೊದಲಿಗಿಂತ ಕಡಿಮೆ ಆರ್‌ಪಿಎಂನಲ್ಲೇ ಸಿಗತೊಡಗಿತು. ಸೆಕೆಂಡ್‌ಹ್ಯಾಂಡ್ ಬಿಎಂಡಬ್ಲ್ಯು ನೋಡುತ್ತಿರುವವರು ಇದನ್ನೂ ಗಮನಿಸಿ: "ಟ್ವಿನ್‌ಪವರ್ ಟರ್ಬೊ" ಎಂದು ಬರೆದಿದ್ದರೆ ಎರಡು ಟರ್ಬೊ ಇವೆ ಎಂದು ಅರ್ಥವಲ್ಲ. ಇಂಜಿನ್ ಕೋಡ್ ನೋಡಿಯೇ ತಿಳಿಯಬೇಕು.

ವಿ ಇಂಜಿನ್ ಕಥೆ ಬೇರೆ. ಹೊಗೆ ಎಡದಿಂದಲೂ ಬಲದಿಂದಲೂ ಬರುತ್ತದೆ. ಒಂದೇ ಟರ್ಬೊಗೆ ತರಬೇಕಾದರೆ ಇಂಜಿನ್ ಸುತ್ತ ಉದ್ದನೆಯ ಪೈಪ್ ಎಳೆಯಬೇಕು, ಅಷ್ಟರಲ್ಲಿ ಹೊಗೆಯ ಶಾಖ, ಅಂದರೆ ಚಕ್ರ ತಿರುಗಿಸುವ ಶಕ್ತಿ, ದಾರಿಯಲ್ಲೇ ಹೋಗಿಬಿಡುತ್ತದೆ. ಲ್ಯಾಂಡ್ ಕ್ರೂಸರ್ 200ರ 4.5 ಲೀಟರ್ ವಿ8 ಡೀಸೆಲ್‌ಗೆ ಎರಡು ಟರ್ಬೊ ಇರುವುದು ಇದೇ ಕಾರಣಕ್ಕೆ.

ಇಲ್ಲಿನ ಗಾಳಿಯ ಲೆಕ್ಕ

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಚಿಕ್ಕಬಳ್ಳಾಪುರದಲ್ಲಿ ಸುಮಾರು 13.2. ನಂದಿಬೆಟ್ಟದ ನೆತ್ತಿ 1,478 ಮೀಟರ್, ಅಲ್ಲಿ 12.3ರ ಹತ್ತಿರ. ಬೂಸ್ಟ್ ಗೇಜ್ ತೋರಿಸುವುದು ಈ ಹೊರಗಿನ ಒತ್ತಡದ ಮೇಲೆ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಗೇಜ್‌ನಲ್ಲಿ ಅದೇ 12 ಪಿಎಸ್‌ಐ ಕಂಡರೂ ಇಲ್ಲಿ ಸಿಲಿಂಡರ್‌ಗೆ ಹೋಗುವ ಗಾಳಿ ಕಡಿಮೆ, ಟರ್ಬೊ ಪಡುವ ಶ್ರಮ ಹೆಚ್ಚು.

ಒಂದು ಉದಾಹರಣೆ ಪೂರ್ತಿ ಮಾಡೋಣ. 2.0 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಗರಿಷ್ಠ 6,500 ಆರ್‌ಪಿಎಂ, 12 ಪಿಎಸ್‌ಐ ಬೂಸ್ಟ್.

ಮೊದಲು ಒತ್ತಡದ ಅನುಪಾತ. ಸಿಲಿಂಡರ್‌ಗೆ ಗಾಳಿ ತರುವ ಮ್ಯಾನಿಫೋಲ್ಡ್‌ನಲ್ಲಿ ಬೇಕಾದದ್ದು 13.2 + 12 = 25.2. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟುವಾಗ 1.5 ಹೋಗುತ್ತದೆ, ಹಾಗಾಗಿ ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್‌ನಿಂದ ಹೊರಬರುವ ಬಾಯಲ್ಲಿ 26.7 ಬೇಕು. ಏರ್ ಫಿಲ್ಟರ್ 0.5 ಎಳೆಯುತ್ತದೆ, ಒಳಬರುವ ಒತ್ತಡ 12.7. ಭಾಗಿಸಿದರೆ 2.10. ಇದೇ ಕಾರು ಮಂಗಳೂರಿನಲ್ಲಿದ್ದರೆ 28.2 ಭಾಗಿಸು 14.2, ಅಂದರೆ 1.99. ಮಂಗಳೂರಿನಷ್ಟೇ ಗಾಳಿ ಇಲ್ಲೂ ಬೇಕೆಂದರೆ 28.2 ಭಾಗಿಸು 12.7, ಅದು 2.22.

ಆಮೇಲೆ ಗಾಳಿಯ ತೂಕ. ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ತುಂಬುತ್ತದೆ: 2.0 × 6,500 ÷ 2 × 0.9 = ನಿಮಿಷಕ್ಕೆ 5,850 ಲೀಟರ್. ಆ 0.9 ಸಿಲಿಂಡರ್ ಪೂರ್ತಿ ತುಂಬದಿರುವುದರ ಲೆಕ್ಕ. ಇಂಟರ್‌ಕೂಲರ್ ಆದಮೇಲೆ ಗಾಳಿ 50 ಡಿಗ್ರಿ ಇದ್ದರೆ, 25.2 ಪಿಎಸ್‌ಐನಲ್ಲಿ ಒಂದು ಘನ ಮೀಟರ್ ತೂಗುವುದು ಸುಮಾರು 1.87 ಕೆ.ಜಿ. ಒಟ್ಟು ನಿಮಿಷಕ್ಕೆ 11 ಕೆ.ಜಿ., ಪೌಂಡ್‌ನಲ್ಲಿ 24.2. ಒಂದು ಪೌಂಡ್ ಗಾಳಿಗೆ ಹತ್ತಿರ ಹತ್ತಿರ 10 ಅಶ್ವಶಕ್ತಿ, ಅಂದರೆ ಸುಮಾರು 240.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ಕಂಪ್ರೆಸರ್ ಮ್ಯಾಪ್ (ಯಾವ ಅನುಪಾತದಲ್ಲಿ ಎಷ್ಟು ಗಾಳಿ ಆ ಟರ್ಬೊ ಕೊಡಬಲ್ಲದು ಎಂದು ತಯಾರಕರು ಕೊಡುವ ನಕ್ಷೆ) ಮೇಲೆ 24.2ಕ್ಕೆ ಚುಕ್ಕಿ ಇಡುತ್ತಾರೆ. ತಪ್ಪಾಗುವುದು ಇಲ್ಲೇ. ಮ್ಯಾಪ್ ಅಳೆದಿರುವ ಗಾಳಿ ಬೇರೆ, ನಿಮ್ಮ ಊರಿನ ಗಾಳಿ ಬೇರೆ. ಟರ್ಬೊ ತಯಾರಿಸುವ ಗ್ಯಾರೆಟ್ ಕಂಪನಿಯ ಮ್ಯಾಪ್‌ಗಳು 13.95 ಪಿಎಸ್‌ಐ, 85 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೊಂದಿಸಿದವು. ಏಪ್ರಿಲ್‌ನಲ್ಲಿ ಗಾಳಿ 38 ಡಿಗ್ರಿ ಇದ್ದರೆ, ಒಳಬರುವ 12.7 ಪಿಎಸ್‌ಐಗೆ 24.2 ಅನ್ನು 1.11ರಿಂದ ಗುಣಿಸಬೇಕು. ಚುಕ್ಕಿ 27ಕ್ಕೆ ಹೋಗುತ್ತದೆ, ಅನುಪಾತ 2.10. ಮ್ಯಾಪ್‌ನ ಬಲ ಅಂಚಿಗೆ ತಾಗಿಕೊಂಡಿದ್ದ ಚಿಕ್ಕ ಟರ್ಬೊ ಈ ತಿದ್ದುಪಡಿಯಲ್ಲಿ ಅಂಚು ದಾಟುತ್ತದೆ: ಚಕ್ರ ಅತಿವೇಗಕ್ಕೆ ಹೋಗುತ್ತದೆ, ಗಾಳಿ ಕಾಯುತ್ತದೆ, ಶಕ್ತಿ ಮಾತ್ರ ಏರುವುದಿಲ್ಲ. ಚುಕ್ಕಿ ಅಂಚಿನಿಂದ ಕನಿಷ್ಠ ಶೇಕಡಾ 10ರಷ್ಟು ಒಳಗಿರಲಿ.

ಇದೇ ಲೆಕ್ಕವನ್ನು 3,000 ಆರ್‌ಪಿಎಂಗೂ ಮಾಡಿ. ಆ ಚುಕ್ಕಿ ಮ್ಯಾಪ್‌ನ ಎಡಗಡೆಯ ಸರ್ಜ್ ಗೆರೆಯ (ಒತ್ತಿದ ಗಾಳಿ ಹಿಂದಕ್ಕೆ ನುಗ್ಗತೊಡಗುವ ಮಿತಿ) ಆಚೆ ಬಿದ್ದರೆ ಟರ್ಬೊ ದೊಡ್ಡದಾಯಿತು. ಜೋಡಿಗೆ ಲೆಕ್ಕ ಹಾಕುವಾಗ ಗಾಳಿಯನ್ನು ಎರಡರಿಂದ ಭಾಗಿಸಿ, ಅನುಪಾತವನ್ನು ಭಾಗಿಸಬೇಡಿ. ಪ್ಯಾರಲಲ್ ಜೋಡಿಯಲ್ಲಿ ಎರಡೂ ಟರ್ಬೊ ಪೂರ್ತಿ ಒತ್ತಡವನ್ನೇ ಕೊಡಬೇಕು.

ಕಾರು ಯಾವ ಆರ್‌ಪಿಎಂನಲ್ಲಿ ಬದುಕುತ್ತದೆ ಎಂಬುದನ್ನು ಊಹಿಸಬೇಡಿ. ಓಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಸಾಧನ) ಸಿಕ್ಕಿಸಿ ಒಂದು ವಾರ ದಾಖಲೆ ತೆಗೆಯಿರಿ. ಚಿಂತಾಮಣಿ, ಶಿಡ್ಲಘಟ್ಟ ರಸ್ತೆಯಲ್ಲಿ ಊರಿಗೊಂದು ಹಂಪ್, ಸಂತೆ ದಿನ ಟೊಮೆಟೊ ಗಾಡಿಗಳ ಸಾಲು. ಕಾರು 1,500ರಿಂದ 3,000ದೊಳಗೇ ಇರುತ್ತದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಟಾಪ್ ಗೇರ್‌ನಲ್ಲೂ 2,500 ದಾಟುವುದು ಕಡಿಮೆ. ನಂದಿಯ ತಿರುವಿನಿಂದ ಎರಡನೇ ಗೇರ್‌ನಲ್ಲಿ ಮೇಲೇಳುವಾಗ 2,000ಕ್ಕೇ ಬೂಸ್ಟ್ ಬೇಕು. 4,000ಕ್ಕೆ ಎಚ್ಚರಗೊಳ್ಳುವ ದೊಡ್ಡ ಟರ್ಬೊ ಈ ಮೂರೂ ಕಡೆ ಸತ್ತ ಭಾರ. ಗಾತ್ರದಲ್ಲಿ ಅನುಮಾನ ಬಂದರೆ ಚಿಕ್ಕದರ ಕಡೆಗೆ ವಾಲಿ, ಆ ಶೇಕಡಾ 10ರ ಅಂತರ ಮಾತ್ರ ಬಿಡಬೇಡಿ.

ಡೀಸೆಲ್‌ನವರಿಗೆ

ವಿಜಿಟಿ ಟರ್ಬೊ, ಅಂದರೆ ಟರ್ಬೈನ್ ಸುತ್ತ ನಿಂತಲ್ಲೇ ಕೋನ ಬದಲಿಸುವ ರೆಕ್ಕೆಗಳಿರುವುದು, ಚಿಕ್ಕದೂ ದೊಡ್ಡದೂ ಎರಡರ ಕೆಲಸವನ್ನೂ ಒಂದೇ ಮನೆಯಲ್ಲಿ ಮಾಡುತ್ತದೆ. 1.3 ಮಲ್ಟಿಜೆಟ್ ಸಾಮಾನ್ಯ ಟರ್ಬೊದಲ್ಲಿ 75, ವಿಜಿಟಿಯಲ್ಲಿ 90 ಅಶ್ವಶಕ್ತಿ ಕೊಟ್ಟಿತು. ಅದು ಇದ್ದಮೇಲೆ ಎರಡನೇ ಟರ್ಬೊಗೆ ಕೆಲಸವೇ ಇಲ್ಲ. ಪಿಕಪ್ ಬಿದ್ದಿದ್ದರೆ ಟರ್ಬೊ ಬದಲಿಸುವ ಮೊದಲು ರೆಕ್ಕೆಗಳ ಲಿವರ್ ಪೂರ್ತಿ ಆಡುತ್ತದೆಯೇ ನೋಡಿ. ಊರೊಳಗಿನ ಗಿಡ್ಡ ಓಡಾಟದಲ್ಲಿ ಮಸಿ ಕಟ್ಟಿ ಅವು ಸಿಕ್ಕಿಹಾಕಿಕೊಳ್ಳುತ್ತವೆ, ಬಿಚ್ಚಿ ತೊಳೆದರೆ ಸರಿಹೋಗುವುದೇ ಹೆಚ್ಚು.

ಜೋಡಿ ಕಟ್ಟಿಸಿದರೆ ಎಲ್ಲಿ ಕೆಡುತ್ತದೆ

ಎಲ್ಲವೂ ಎರಡೆರಡು: ಮ್ಯಾನಿಫೋಲ್ಡ್, ಡೌನ್‌ಪೈಪ್, ವೇಸ್ಟ್‌ಗೇಟ್, ಆಯಿಲ್ ಬರುವ ಪೈಪ್, ಆಯಿಲ್ ಇಳಿಯುವ ಪೈಪ್, ನೀರಿನ ಪೈಪ್ ನಾಲ್ಕು. ಸೋರುವ ಜಾಗವೂ ಎರಡು ಪಟ್ಟು. ಇದರಲ್ಲಿ ಹೆಚ್ಚು ಕಾಡುವುದು ಆಯಿಲ್ ಇಳಿಯುವ ಪೈಪ್. ಟರ್ಬೊದಿಂದ ಆಯಿಲ್ ಒತ್ತಡವಿಲ್ಲದೆ, ನೊರೆಯಾಗಿ, ತನ್ನ ಭಾರಕ್ಕೇ ಇಳಿಯಬೇಕು. ಪೈಪ್‌ನ ಒಳಅಳತೆ 16 ಮಿ.ಮೀ. ಇರಲಿ, ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ವಾಲದಿರಲಿ, ಇಂಜಿನ್ ತಳದ ಆಯಿಲ್ ಸಂಪ್‌ಗೆ ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಲಿ. ಅಡ್ಡಲಾಗಿ ಕೂರಿಸಿದ ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಎರಡನೇ ಟರ್ಬೊಗೆ ಜಾಗ ಸಿಗುವುದು ತೀರ ಕೆಳಗೆ. ಇಳಿಯಲಾಗದ ಆಯಿಲ್ ಸೀಲ್ ದಾಟಿ ಸೈಲೆನ್ಸರ್ ಸೇರುತ್ತದೆ, ನೀಲಿ ಹೊಗೆ ಬರುತ್ತದೆ. ಸೀಲ್ ಹೋಗಿದೆ ಎಂದು ಟರ್ಬೊ ಬದಲಿಸುತ್ತಾರೆ, ಹೊಸದೂ ಹಾಗೇ ಹೊಗೆ ಬಿಡುತ್ತದೆ. ಪೈಪ್‌ನ ಇಳಿಜಾರು ಸರಿಮಾಡುವವರೆಗೆ ಆ ಹೊಗೆ ನಿಲ್ಲುವುದಿಲ್ಲ.

ಬಾಲ್ ಬೇರಿಂಗ್ ಟರ್ಬೊ ಆದರೆ ಆಯಿಲ್ ಬರುವ ಕಡೆ ಸುಮಾರು 1 ಮಿ.ಮೀ. ರಂಧ್ರದ ರಿಸ್ಟ್ರಿಕ್ಟರ್ ಬೇಕು. ಸಾಮಾನ್ಯ ಜರ್ನಲ್ ಬೇರಿಂಗ್‌ಗೆ ಅದನ್ನು ಹಾಕಿದರೆ ಆಯಿಲ್ ಸಾಲದೆ ಶಾಫ್ಟ್ ಸುಡುತ್ತದೆ.

ಎರಡರಲ್ಲಿ ಒಂದು ಸವೆದು ಇನ್ನೊಂದು ಚೆನ್ನಾಗಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ. ಒಂದರ ಶಾಫ್ಟ್ ಮುರಿದರೆ ಇನ್ನೊಂದು ಒತ್ತಿದ ಗಾಳಿ ಮುರಿದದ್ದರ ಮೂಲಕ ಹೊರಗೆ ಹೋಗುತ್ತದೆ. ಬೂಸ್ಟ್ ಬಿತ್ತೆಂದು ಇಂಜಿನ್‌ನ ಕಂಪ್ಯೂಟರ್ (ಇಸಿಯು) ವೇಸ್ಟ್‌ಗೇಟ್ ಮುಚ್ಚುತ್ತದೆ, ಒಳ್ಳೆಯದೂ ಅತಿವೇಗಕ್ಕೆ ಹೋಗಿ ಕೆಡುತ್ತದೆ. ಆದ್ದರಿಂದ ಬದಲಿಸುವಾಗ ಎರಡನ್ನೂ ಬದಲಿಸಿ, ಇಂಟರ್‌ಕೂಲರ್ ಬಿಚ್ಚಿಸಿ ತೊಳೆಸಿ. ಒಳಗೆ ಉಳಿದ ಲೋಹದ ಚೂರು ಮುಂದಿನ ಸಲ ಸಿಲಿಂಡರ್‌ಗೇ ಹೋಗುತ್ತದೆ.

ಹಳೇ ಟರ್ಬೊ ಕೈಯಲ್ಲಿ ಹಿಡಿದು ನೋಡುವುದು

ಗುಜರಿಯಿಂದ ಬಂದ ಟರ್ಬೊ ಕೊಳ್ಳುವುದಾದರೆ ಗಾಳಿ ಒಳಬರುವ ಬಾಯನ್ನು ಬೆಳಕಿಗೆ ಹಿಡಿಯಿರಿ. ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಒಳಕ್ಕೆ ತಳ್ಳಿ, ಹೊರಕ್ಕೆ ಎಳೆಯಿರಿ. ಬೆರಳಿಗೆ ಟಕ್ ಎಂದು ತಾಗಿದರೆ ಥ್ರಸ್ಟ್ ಬೇರಿಂಗ್ ಹೋಗಿದೆ, ವಾಪಸ್ ಕೊಡಿ. ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಜರ್ನಲ್ ಬೇರಿಂಗ್‌ನಲ್ಲಿ ಸ್ವಲ್ಪ ಆಟ ಸಹಜ, ಆಯಿಲ್ ತುಂಬಿದಾಗ ಅದು ಮಾಯವಾಗುತ್ತದೆ. ಹಾಗೆ ಒಂದು ಪಕ್ಕಕ್ಕೆ ಒತ್ತಿ ಹಿಡಿದೇ ಚಕ್ರ ತಿರುಗಿಸಿ; ಅಲಗು ಗೋಡೆಗೆ ತಾಗಿ ಕಿರ್ ಎಂದರೆ ಬೇಡ. ಅಲಗುಗಳ ಮುಂಚೂಣಿ ಅಂಚನ್ನು ಉಗುರಿನಿಂದ ಸವರಿ. ಕ್ರಷರ್ ರಸ್ತೆಯಲ್ಲಿ ಹರಿದ ಫಿಲ್ಟರ್ ಹಾಕಿಕೊಂಡು ಓಡಿದ ಗಾಡಿಯದಾದರೆ ಆ ಅಂಚು ಕಲ್ಲುಪುಡಿಗೆ ಸವೆದು ದುಂಡಗಾಗಿರುತ್ತದೆ. ಟರ್ಬೈನ್ ಕಡೆ ಶಾಫ್ಟ್ ನೀಲಿಗಟ್ಟಿದ್ದರೆ ಆಯಿಲ್ ಇಲ್ಲದೆ ಕಾದದ್ದು. ಟರ್ಬೈನ್‌ನ ಕವಚದೊಳಗೆ ಕೂದಲೆಳೆಯ ಬಿರುಕು ಇರಬಹುದು, ಅದು ವೇಸ್ಟ್‌ಗೇಟ್ ಕೂರುವ ಜಾಗದವರೆಗೆ ಬಂದಿದ್ದರೆ ಮಾತ್ರ ಕೊಳ್ಳಬೇಡಿ.

ದುಡ್ಡು ಕೊಡುವ ಮೊದಲು ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೆಟ್ಟ ಟರ್ಬೊ ಬದಲು ಅದೇ ಬಗೆಯದನ್ನು ಹಾಕಿಸುವುದು ರಿಪೇರಿ. ಟರ್ಬೊ ಇಲ್ಲದ ಇಂಜಿನ್‌ಗೆ ಹಾಕಿಸುವುದು, ಒಂದಿದ್ದಲ್ಲಿ ಎರಡು ಮಾಡುವುದು ಮಾರ್ಪಾಡು. ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ವಿಮೆಯವರಿಗೆ ಲಿಖಿತವಾಗಿ ತಿಳಿಸಿ. ತಿಳಿಸದೆ ಓಡಿಸಿ ಅಪಘಾತವಾದರೆ ಕ್ಲೇಮ್ ತಿರಸ್ಕರಿಸಲು ಕಾರಣ ಸಿಕ್ಕಂತಾಗುತ್ತದೆ. ಟ್ರ್ಯಾಕ್‌ಗೆಂದೇ ಕಟ್ಟಿದ ಕಾರನ್ನು ಟ್ರೈಲರ್ ಮೇಲೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್ ಕಡೆ ಒಯ್ಯುವುದು ಸರಿಯಾದ ದಾರಿ.

ಜೋಡಿಸಿ ಓಡಿಸುವಾಗ

ಇಂಧನ: 240 ಅಶ್ವಶಕ್ತಿಗೆ ನಾಲ್ಕು ಇಂಜೆಕ್ಟರ್‌ಗಳು ನಿಮಿಷಕ್ಕೆ 500 ಸಿಸಿಯವು ಬೇಕು. ಇ20 ಪೆಟ್ರೋಲ್‌ಗೆ ಇನ್ನೂ ಸ್ವಲ್ಪ ಹೆಚ್ಚು ಇಂಧನ ಬೇಕಾಗುವುದರಿಂದ 550 ಹಾಕಿ. ಟ್ಯೂನ್ ಮಾಡುವಾಗ ಗಾಳಿ-ಇಂಧನ ಅನುಪಾತದ ಬದಲು ಲ್ಯಾಂಬ್ಡಾ (ಆ ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯಲ್ಲಿ ಎಷ್ಟು ಪಾಲು ಸಿಕ್ಕಿದೆ ಎಂಬುದು) ನೋಡಿ. ಶುದ್ಧ ಪೆಟ್ರೋಲ್‌ನ 14.7 ಎಂಬ ಅಂಕಿ ಇ20ಗೆ ಸುಮಾರು 13.5ಕ್ಕೆ ಇಳಿಯುತ್ತದೆ, ಗೊಂದಲಕ್ಕೆ ಅದೇ ಕಾರಣ. ಪೂರ್ತಿ ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.80ರ ಆಸುಪಾಸು ಇರಲಿ. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು, ಗ್ಯಾಪ್ 0.6ರಿಂದ 0.7 ಮಿ.ಮೀ. ಕಂಪ್ರೆಷನ್ ಅನುಪಾತ 10.5 ಇರುವ ಇಂಜಿನ್‌ಗೆ ಒಳಭಾಗ ಮುಟ್ಟದೆ 12 ಪಿಎಸ್‌ಐ ಕೊಡಬೇಡಿ. 5, 6ಕ್ಕೆ ನಿಲ್ಲಿಸಿ. 100 ಆಕ್ಟೇನ್ ಪೆಟ್ರೋಲ್ ಎಲ್ಲ ಬಂಕ್‌ನಲ್ಲೂ ಸಿಗದು, ಅದನ್ನು ನಂಬಿ ಟ್ಯೂನ್ ಮಾಡಿಸಿದರೆ ಗೌರಿಬಿದನೂರು ದಾಟುವಷ್ಟರಲ್ಲಿ ತೊಂದರೆ.

ನೀರು: ಬೋರ್‌ವೆಲ್ ನೀರನ್ನು ರೇಡಿಯೇಟರ್‌ಗೆ ಹಾಕಲೇಬೇಡಿ. ಇಲ್ಲಿನ ಗಡಸು ನೀರು ಬಿಂದಿಗೆಯ ತಳದಲ್ಲಿ ಬಿಳಿ ಕಟ್ಟುವ ಹಾಗೆ ಟರ್ಬೊದ ಕಿರಿದಾದ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಕೂಲೆಂಟ್ ಜೊತೆಗೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಬರುವ ರಂಧ್ರಕ್ಕೆ ಆಯಿಲ್ ಸುರಿದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇಂಜೆಕ್ಟರ್ ಕನೆಕ್ಟರ್ ತೆಗೆದು 10ರಿಂದ 15 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಇಳಿಯುವ ಪೈಪ್‌ನಲ್ಲಿ ಆಯಿಲ್ ಕಾಣಿಸಿದ ಮೇಲೆ ಕನೆಕ್ಟರ್ ಹಾಕಿ. ಗಾಳಿ ಪೈಪ್‌ಗಳಿಗೆ ಗ್ಯಾರೇಜಿನ ಏರ್ ಕಂಪ್ರೆಸರ್‌ನಿಂದ 10 ಪಿಎಸ್‌ಐ ಕೊಟ್ಟು ಕ್ಲಿಪ್‌ಗಳ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದಲ್ಲಿ ಬಿಗಿಮಾಡಿ.

ಮೊದಲ ಓಟ ವೇಸ್ಟ್‌ಗೇಟ್ ಸ್ಪ್ರಿಂಗ್ ಒತ್ತಡದಲ್ಲೇ ಇರಲಿ, ಬೂಸ್ಟ್ ಕಂಟ್ರೋಲರ್ ಜೋಡಿಸಬೇಡಿ. ಮೂರನೇ ಗೇರ್‌ನಲ್ಲಿ ಆರ್‌ಪಿಎಂ ಏರಿದಂತೆ ಬೂಸ್ಟ್ ತಾನಾಗಿ ಸ್ಪ್ರಿಂಗ್ ಮಿತಿ ದಾಟಿ ಏರುತ್ತಿದ್ದರೆ ವೇಸ್ಟ್‌ಗೇಟ್ ಚಿಕ್ಕದಾಯಿತು, ಇಲ್ಲವೇ ಅದರ ಪೈಪ್ ತಪ್ಪು ಕೋನದಲ್ಲಿದೆ; ತಕ್ಷಣ ಕಾಲು ತೆಗೆಯಿರಿ. ಟರ್ಬೈನ್ ಮುಂದೆ ಹೊಗೆಯ ಶಾಖ ಪೆಟ್ರೋಲ್‌ಗೆ 950 ಡಿಗ್ರಿ ದಾಟಬಾರದು. ಬೆಟ್ಟ ಹತ್ತಿ ನಿಂತ ಕೂಡಲೇ ಇಂಜಿನ್ ಆರಿಸದೆ ಒಂದು ನಿಮಿಷ ಐಡಲ್ ಬಿಡಿ. 500 ಕಿ.ಮೀ. ಆದಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮ್ಯಾನಿಫೋಲ್ಡ್ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಮಾಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲ್‌ನಲ್ಲಿ ಹೊಳೆಯುವ ಪುಡಿ ಕಂಡರೆ ಮುಂದೆ ಓಡಿಸದೆ ಟರ್ಬೊ ಬಿಚ್ಚಿ ಚಕ್ರದ ನಡುವಿನ ನಟ್ಟನ್ನು ಮತ್ತೆ ಹಿಡಿದು ಎಳೆದು ನೋಡಿ.